ಮೇಣದಲ್ಲಿ ಅದ್ದಿದ ಡೇರೆ

ಮಲೆನಾಡಿನವರಿಗೆ ಡೇರೆಯ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗಾಗಿ ಒಂದು ಮಾತು: ಪೇಟೆಯವರು ಡೇಲಿಯಾ ಎನ್ನುವ ಹೂವೇ ನಮ್ಮ ಶಿರಸಿ, ಸಾಗರದ ಕಡೆ ಡೇರೆ. ಹುಟ್ಟೂರು ದೂರದ ಮೆಕ್ಸಿಕೊ. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂವು. ಆದರೆ ನಮ್ಮ ಹೆಂಗಸರು ಅದನ್ನು ಎಂದೋ ತಮ್ಮದಾಗಿಸಿಕೊಂಡಿದ್ದಾರೆ. ಮಳೆ ಹಿಡಿಯುವ ಹೊತ್ತಿಗೆ ಗೆಡ್ಡೆ ನೆಟ್ಟರೆ ಚೌತಿಯಿಂದ ನವರಾತ್ರಿಯವರೆಗೆ ಅಂಗಳದ ತುಂಬ ಹೂವು. ಶಿರಸಿ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಅಮ್ಮ ಇಪ್ಪತ್ತಕ್ಕೂ ಹೆಚ್ಚು ಬಣ್ಣ ಬೆಳೆಸಿದ್ದಳು. ಒಂದನ್ನೂ ದುಡ್ಡು ಕೊಟ್ಟು ತಂದದ್ದಲ್ಲ. ಎಲ್ಲವೂ ಮದುವೆಮನೆ, ತವರುಮನೆ, ನೆಂಟರ ಮನೆಯಿಂದ ಗೆಡ್ಡೆಯಾಗಿ ಬಂದವು.

ಅಮ್ಮನಿಗೀಗ 74. ಮೊಣಕಾಲು ಕೈಕೊಟ್ಟಿದೆ. ಕಳೆದ ವರ್ಷ ಚೌತಿಗೆ ಹೋದಾಗ, ಜನವರಿಯಲ್ಲಿ ಅವಳು ಮುಂಬೈಗೆ ನನ್ನ ಜೊತೆ ಇರಲು ಬರುವುದೆಂದು ತೀರ್ಮಾನವಾಯಿತು. ಮನೆ, ತೋಟ ದೊಡ್ಡಪ್ಪನ ಮಗನಿಗೆ. ಹೂವಿನ ಸಾಲಿರುವ ಜಾಗದಲ್ಲಿ ಅವನು ಅಡಿಕೆ ಒಣಗಿಸುವ ಶೆಡ್ಡು ಹಾಕುತ್ತಾನೆ. ದುಡಿದು ತಿನ್ನುವವನು, ತಪ್ಪು ಹೇಳುವಂತಿಲ್ಲ. ಆದರೆ ಅಲ್ಲಿಗೆ ಅಮ್ಮನ ಡೇರೆ ಮುಗಿದಂತೆಯೇ. ಕೆಲವು ಹೂವನ್ನಾದರೂ ಉಳಿಸಿಕೊಳ್ಳಬೇಕು ಎಂದು ಚೀಲದಲ್ಲಿ ಎರಡು ಕಿಲೋ ಮೇಣ ಇಟ್ಟುಕೊಂಡೇ ಊರಿಗೆ ಹೋಗಿದ್ದೆ.

ಠಾಣೆ–ಬೇಲಾಪುರ ರಸ್ತೆಯ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ಮೇಲಿನ ಹೊದಿಕೆ ನೋಡಿಕೊಳ್ಳುವುದು ನನ್ನ ಕೆಲಸ. ಮುಂಬೈ ಮಳೆಗಾಲದ ಗಾಳಿಯಲ್ಲಿರುವ ತೇವ ಮಾತ್ರೆಗೆ ದೊಡ್ಡ ಶತ್ರು. ಹೊಳಪು ಬರಲೆಂದು ಕೆಲವು ಮಾತ್ರೆಗಳಿಗೆ ಕೊನೆಯಲ್ಲಿ ಮೇಣ ಸವರುವುದೂ ಉಂಟು. ಹೂವಿನ ಲೆಕ್ಕ ಇದಕ್ಕೆ ತಿರುಗುಮುರುಗು: ಕೊಯ್ದ ಹೂವಿನ ಪಕಳೆಗಳಿಂದ ನೀರು ಆವಿಯಾಗಿ ಹೋಗುವುದರಿಂದ ಅದು ಬಾಡುತ್ತದೆ. ತೆಳುವಾಗಿ ಮೇಣ ಹಿಡಿದರೆ ಆ ದಾರಿ ಮುಚ್ಚುತ್ತದೆ, ಆಕಾರವೂ ನಿಲ್ಲುತ್ತದೆ.

ಮೇಣಕ್ಕೆ ಈ ಊರಿನಲ್ಲಿ ಬರವಿಲ್ಲ. ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಸೆಪ್ಟೆಂಬರ್ ಜಾತ್ರೆಯಲ್ಲಿ ಹರಕೆಗೆಂದು ಮಾರುವ ಮೇಣದ ಕೈ, ಕಾಲು, ಪುಟ್ಟ ಮನೆಗಳನ್ನು ನೀವೂ ನೋಡಿರುತ್ತೀರಿ. ಮೇಣದಬತ್ತಿ ಮಾಡುವವರು ಬಳಸುವ ಪ್ಯಾರಾಫಿನ್ ಗಟ್ಟಿ ಸಾಕು. ಊರಿಗೆ ಹೋಗುವ ಮೊದಲು ದಾದರ್ ಹೂವಿನ ಮಾರುಕಟ್ಟೆಯಿಂದ ಗುಲಾಬಿ, ಸೇವಂತಿಗೆ ತಂದು ಮುಲುಂಡಿನ ಅಡುಗೆಮನೆಯಲ್ಲಿ ಮೂರು ಭಾನುವಾರ ಕೈ ಪಳಗಿಸಿಕೊಂಡೆ.

ಮಾಡುವ ಕ್ರಮ ಹೀಗೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಚಿಕ್ಕ ಪಾತ್ರೆ ಇಟ್ಟು ಮೇಣ ಕರಗಿಸಬೇಕು. ನೇರ ಉರಿಯ ಮೇಲೆ ಎಂದೂ ಇಡಬಾರದು, ಮೇಣಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ಹಾಗೇನಾದರೂ ಆದರೆ ನೀರು ಎರಚದೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಪ್ಯಾರಾಫಿನ್ ಸಾಮಾನ್ಯವಾಗಿ 55ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಗಿದ ಮೇಲೆ ಒಲೆ ಆರಿಸಿ, ಅಂಚಿನಲ್ಲಿ ಬಿಳಿ ಕೆನೆ ಕಟ್ಟಲು ಶುರುವಾಗುವವರೆಗೆ ಕಾಯಬೇಕು. ಅದಕ್ಕಿಂತ ಬಿಸಿಯಿದ್ದರೆ ಪಕಳೆ ಬೆಂದುಹೋಗುತ್ತದೆ, ತೀರಾ ಆರಿದರೆ ಮೇಣ ದಪ್ಪಗೆ ಮೆತ್ತಿಕೊಳ್ಳುತ್ತದೆ. ಹೂವಿನ ಮೇಲೆ ಹನಿ ನೀರೂ ಇರಬಾರದು. ತೊಟ್ಟು ಹಿಡಿದು, ತಲೆಕೆಳಗು ಮಾಡಿ ಒಮ್ಮೆ ಅದ್ದಿ ತೆಗೆದು, ಮೆಲ್ಲಗೆ ತಿರುಗಿಸುತ್ತ ಹೆಚ್ಚಿನ ಮೇಣ ಇಳಿಸಬೇಕು. ಡೇರೆಯಂಥ ಒತ್ತು ಪಕಳೆಯ ಹೂವಾದರೆ ಚಮಚದಿಂದ ಪಕಳೆಗಳ ನಡುವೆ ಹನಿಸಬೇಕಾಗುತ್ತದೆ. ಮಿಕ್ಕ ಮೇಣವನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಗಟ್ಟಿಯಾಗಲು ಬಿಟ್ಟು ಎತ್ತಿಟ್ಟರೆ ಮತ್ತೆ ಬರುತ್ತದೆ.

ಎಲ್ಲ ಹೂವೂ ಇದಕ್ಕೆ ಒಗ್ಗುವುದಿಲ್ಲ. ದಾಸವಾಳ ಒಂದೇ ದಿನದ ಹೂವು, ಅದರ ತೆಳು ಪಕಳೆ ಮೇಣದ ಭಾರ ತಡೆಯದು. ಮಲ್ಲಿಗೆಯನ್ನು ಅದ್ದಿದರೆ ಮಲ್ಲಿಗೆಗೆ ಅರ್ಥವೇ ಇಲ್ಲ. ಪರಿಮಳ ಮೇಣದೊಳಗೇ ಉಳಿಯುತ್ತದೆ. ಗುಲಾಬಿ, ಸೇವಂತಿಗೆ, ಡೇರೆ ಒಗ್ಗುತ್ತವೆ. ಆದರೂ ಹಸಿ ಹೂವಿಗೆ ಮೇಣ ಹಿಡಿಸಿದರೆ ನನ್ನ ಕೈಯಲ್ಲಿ ಬಾಳಿದ್ದು ಎರಡು ವಾರ. ಒಳಗಿನ ನೀರು ಒಳಗೇ ಇರುವುದರಿಂದ ಆಮೇಲೆ ನಡುವಿನಿಂದ ಕಂದಲು ಶುರುವಾಗುತ್ತದೆ.

ಹೆಚ್ಚು ದಿನ ಬೇಕೆಂದರೆ ಮೊದಲು ಒಣಗಿಸಿ ಆಮೇಲೆ ಅದ್ದಬೇಕು. ಮಾತ್ರೆ ಡಬ್ಬಿಯಲ್ಲಿ ಪುಟ್ಟ ಪೊಟ್ಟಣವಾಗಿ ಇರುತ್ತದಲ್ಲ, ಆ ಸಿಲಿಕಾ ಜೆಲ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲೂ ಸಿಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹೂವನ್ನು ಅದರೊಳಗೆ ಹೂತಿಟ್ಟರೆ ವಾರದೊಳಗೆ ಬಣ್ಣ ಸಮೇತ ಒಣಗುತ್ತದೆ. ಆದರೆ ಒಣಗಿದ ಹೂವು ಮುಂಬೈಯ ಜುಲೈ ಗಾಳಿಗೆ ಮತ್ತೆ ತೇವ ಕುಡಿದು ಜೋತುಬೀಳುತ್ತದೆ. ಮೇಣದ ನಿಜವಾದ ಉಪಯೋಗ ಇಲ್ಲಿ. ತೇವ ಒಳಗೆ ಹೋಗದಂತೆ ಅದು ತಡೆಯುತ್ತದೆ, ನಮ್ಮ ಮಾತ್ರೆಯ ಹೊದಿಕೆಯ ಹಾಗೆಯೇ.

ಚೌತಿಯ ಮರುದಿನ ಬೆಳಿಗ್ಗೆ ಮಳೆ ಬಿಟ್ಟ ಹೊತ್ತು ನೋಡಿ ಬಣ್ಣಕ್ಕೊಂದರಂತೆ ಚಿಕ್ಕ ಗಾತ್ರದ 18 ಹೂವು ಕೊಯ್ದೆ. ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದಳು.

“ಇದನ್ನು ದೇವರಿಗೆ ಇಡಲಿಕ್ಕೆ ಬರುತ್ತದಾ?”

“ಇಲ್ಲಮ್ಮ.”

“ಮುಡಿಯಲಿಕ್ಕೆ?”

“ಅದೂ ಇಲ್ಲ.”

“ಹಂಗಾರೆ ಎಂತಕ್ಕೆ ಕೂಸೆ? ಹೂವು ಬಾಡುವುದೇ ಸೈ. ಉಳಿಸುವುದಾದರೆ ಗೆಡ್ಡೆ ಉಳಿಸು.”

ಅವಳ ಮಾತಿನಲ್ಲಿ ಲೆಕ್ಕ ಇತ್ತು. ಡೇರೆ ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ಮಣ್ಣು ಕೊಡವಿ, ಬೂದಿಯಲ್ಲಿ ಹೊರಳಿಸಿ ತಂಪು ಜಾಗದಲ್ಲಿ ಇಟ್ಟರೆ ಮುಂದಿನ ಮಳೆಗೆ ಅದೇ ಬಣ್ಣದ ಹೂವು. ಬೀಜದಿಂದ ಎದ್ದ ಗಿಡ ತಾಯಿಯ ಬಣ್ಣವನ್ನೇ ತರುತ್ತದೆ ಎನ್ನುವಂತಿಲ್ಲ, ಗೆಡ್ಡೆ ತರುತ್ತದೆ. ಆದರೆ ತೊಡಕೂ ಅಲ್ಲೇ ಇದೆ. ಕಿತ್ತ ಮೇಲೆ ಎಲ್ಲ ಗೆಡ್ಡೆಯೂ ಒಂದೇ ಥರ. ಯಾವುದು ಕೆಂಪು, ಯಾವುದು ಬಿಳಿ ಅಂಚಿನ ನೇರಳೆ? ಇಷ್ಟು ವರ್ಷ ಅದು ಅಮ್ಮನ ತಲೆಯಲ್ಲಿತ್ತು, ಈಚೆಗೆ ಅವಳಿಗೂ ಮರೆವು.

ಹಾಗಾಗಿ ಹೂವಿಗೂ ಗಿಡಕ್ಕೂ ಒಂದೇ ನಂಬರು ಕಟ್ಟಿದೆ. ಒಣಗಿಸಿ ಮೇಣ ಹಿಡಿಸಿದ 18ರಲ್ಲಿ 14 ಪಕಳೆ ಉದುರದೆ ಮುಂಬೈ ಮುಟ್ಟಿದವು. ಜನವರಿಯಲ್ಲಿ ಅಮ್ಮನ ಜೊತೆ ಚೀಟಿ ಕಟ್ಟಿದ ಗೆಡ್ಡೆಗಳೂ ಬೂದಿಯ ಸಮೇತ ಬಸ್ಸು ಹತ್ತಿದವು. ಊರಿನಲ್ಲಿ ಏಳು ಮನೆಗಳಿಗೆ ಹಂಚಿಯಾಗಿತ್ತು. ದೊಡ್ಡಪ್ಪನ ಮಗನೂ ಶೆಡ್ಡಿನ ಪಕ್ಕಕ್ಕೆಂದು ಮೂರು ಕೇಳಿ ಪಡೆದ.

ಮುಲುಂಡ್, ಡೊಂಬಿವಲಿಯ ಕನ್ನಡದ ಗೆಳತಿಯರು ಬಂದಾಗ ಅಮ್ಮ ಈಗ ಮೇಣದ ಹೂವಿನ ತಟ್ಟೆಯನ್ನೇ ಮುಂದಿಡುತ್ತಾಳೆ. “ನಿಮಗೆ ಯಾವುದು ಬೇಕು, ಆರಿಸಿಕೊಳ್ಳಿ” ಎನ್ನುತ್ತಾಳೆ. ಕೆಂಪು ಹೂವು ಕಪ್ಪಾಗಿದೆ, ಬಿಳಿಯದು ಮೇಣದ ಬಣ್ಣಕ್ಕೇ ತಿರುಗಿದೆ. ಆದರೂ ಗುರುತು ಹಿಡಿಯಲು ಸಾಕು. ಪ್ರತಿ ನಂಬರಿಗೂ ಅವಳ ಬಳಿ ಒಂದು ಮನೆಯ ಹೆಸರಿದೆ. 6 ಅವಳ ತವರಿನದು, 11 ಸೋದರತ್ತೆ ಕೊಟ್ಟದ್ದು. ತಟ್ಟೆ ಮುಂದಿದ್ದರೆ ಆ ಹೆಸರುಗಳು ತಪ್ಪದೆ ನೆನಪಾಗುತ್ತವೆ, ನಾನು ಬರೆದಿಟ್ಟುಕೊಳ್ಳುತ್ತೇನೆ.

ಗೆಡ್ಡೆ ಕೊಡುವಾಗ ಅವಳದೊಂದು ಎಚ್ಚರಿಕೆ ಇದ್ದೇ ಇರುತ್ತದೆ: ಹಳೇ ದಂಟಿನ ಬುಡ ಅಂಟಿಕೊಂಡಿರಬೇಕು, ಕಣ್ಣು ಇರುವುದು ಅಲ್ಲಿ, ಅದಿಲ್ಲದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ಮುಂಬೈ ಮಳೆಗೆ ನೀರು ನಿಂತರೆ ಕೊಳೆಯುತ್ತದೆಂದು ಕುಂಡಕ್ಕೆ ಅರ್ಧದಷ್ಟು ಮರಳು, ತೆಂಗಿನ ನಾರಿನ ಪುಡಿ ಹಾಕಿಸಿದ್ದಾಳೆ.

ಜೂನ್ ಮೊದಲ ವಾರ ನಮ್ಮ ಬಾಲ್ಕನಿಯಲ್ಲಿ ಒಂಬತ್ತು ಗೆಡ್ಡೆ ನೆಟ್ಟೆವು. ಐದು ಚಿಗುರಿವೆ. ತವರಿನ 6ನೇ ನಂಬರಿನ ಗಿಡಕ್ಕೆ ಈಗ ಗೇಣುದ್ದ ದಂಟು, ಆಸರೆಗೆ ಅಮ್ಮ ನನ್ನ ಹಳೇ ಛತ್ರಿಯ ಕಡ್ಡಿ ಕಟ್ಟಿದ್ದಾಳೆ.