ಗುಳೆ ಬಂದವರ ಮಕ್ಕಳು: 14 ದಿನಗಳ ನಂತರದ ಪ್ರಶ್ನೆ

ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಬೆಂಗಳೂರಿಗೆ ಗುಳೆ ಬರುವ ಕೂಲಿ ಕುಟುಂಬಗಳ ಮಕ್ಕಳಲ್ಲಿ ಅಪೌಷ್ಟಿಕತೆ ಹೊಸ ಸಂಗತಿಯೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 8.4ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ತೀವ್ರವಾಗಿ ಕೃಶರಾಗಿದ್ದರು. ಇದಕ್ಕೆ ಚಿಕಿತ್ಸೆ ಇದೆ. ಅದನ್ನು ಪೂರ್ತಿಗೊಳಿಸುವಷ್ಟು ಬಿಡುವು ಮಾತ್ರ ಈ ಕುಟುಂಬಗಳಿಗಿಲ್ಲ.

ಗುರುತಿಸುವುದು ಕಷ್ಟವಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಥವಾ ಎರಡೂ ಪಾದಗಳು ಊದಿಕೊಂಡಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಜೊತೆಗೆ ಹಸಿವು ಇಂಗಿದ್ದರೆ, ಜ್ವರ, ಭೇದಿ, ನ್ಯುಮೋನಿಯಾ ಇದ್ದರೆ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು.

ಬಡಕಲು ಮಗುವಿಗೆ ಹೊಟ್ಟೆ ತುಂಬ ಉಣಿಸಿದರೆ ಸಾಕೆಂದು ಅನೇಕರು ಭಾವಿಸಿದ್ದಾರೆ. ಅದು ಅಪಾಯಕಾರಿ. ಬಹುದಿನ ಉಪವಾಸವಿದ್ದ ದೇಹದಲ್ಲಿ ಹೃದಯ, ಮೂತ್ರಪಿಂಡ, ಕರುಳು ಎಲ್ಲವೂ ಮಂದಗತಿಯಲ್ಲಿರುತ್ತವೆ. ಹಠಾತ್ತನೆ ಆಹಾರ ಸುರಿದರೆ ರಕ್ತದಲ್ಲಿನ ಲವಣಾಂಶಗಳು ಏರುಪೇರಾಗಿ ಮಗು ಸಾಯಲೂಬಹುದು. ಆದ್ದರಿಂದ ಮೊದಲ ಕೆಲವು ದಿನ ಹಾಲು, ಸಕ್ಕರೆ, ಎಣ್ಣೆ ಬೆರೆಸಿದ, 100 ಮಿ.ಲೀ.ಗೆ 75 ಕ್ಯಾಲೊರಿಯ ತಿಳಿ ಆಹಾರವನ್ನು ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಕೊಡುತ್ತಾರೆ, ರಾತ್ರಿಯೂ ಸಹ. ಈ ಹಂತದಲ್ಲಿ ಕಬ್ಬಿಣಾಂಶದ ಔಷಧ ಕೊಡುವುದಿಲ್ಲ. ಅದು ಸೋಂಕನ್ನು ಉಲ್ಬಣಗೊಳಿಸಬಹುದು. ಹಸಿವು ಮರಳಿದ ಮೇಲೆ 100 ಕ್ಯಾಲೊರಿಯ ಆಹಾರ, ಬಳಿಕ ಮನೆಯ ಊಟ.

ಇದಕ್ಕೆ ಸುಮಾರು 14 ದಿನ ಬೇಕು. ಅಷ್ಟು ದಿನ ತಾಯಿ ಮಗುವಿನೊಡನೆ ಇರಬೇಕು. ಕೂಲಿ ನಷ್ಟಕ್ಕೆ ಭತ್ಯೆ ನೀಡುವ ಅವಕಾಶವೇನೋ ಇದೆ. ಆದರೆ ಶೆಡ್ಡಿನಲ್ಲಿರುವ ಇನ್ನೆರಡು ಮಕ್ಕಳನ್ನು ನೋಡಿಕೊಳ್ಳುವವರಾರು? ಮುಂಗಡ ಕೊಟ್ಟ ಮೇಸ್ತ್ರಿಗೆ ಏನು ಹೇಳುವುದು? ಆರನೇ ದಿನವೋ ಏಳನೇ ದಿನವೋ ಮಗು ನಕ್ಕಿತೆಂದರೆ ತಾಯಿ ಗಂಟು ಕಟ್ಟುತ್ತಾಳೆ. ಅವಳನ್ನು ದೂರುವುದು ಸುಲಭ, ನ್ಯಾಯವಲ್ಲ.

ಬಿಡುಗಡೆಯಾದರೂ ಚಿಕಿತ್ಸೆ ಮುಗಿಯದು. ಎರಡು ತಿಂಗಳ ಕಾಲ ಹದಿನೈದು ದಿನಕ್ಕೊಮ್ಮೆ ತೂಕ ನೋಡಬೇಕು. ಅಷ್ಟರಲ್ಲಿ ಕಟ್ಟಡ ಮುಗಿದು ಕುಟುಂಬ ಬೇರೆ ಬಡಾವಣೆಗೆ ಹೋಗಿರುತ್ತದೆ. 2021ರಲ್ಲಿ ಆರಂಭವಾದ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ದಾಖಲೆಯನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಆದರೆ ತಾಯಿ ಹೊಸ ಅಂಗನವಾಡಿಯನ್ನು ಹುಡುಕಿಕೊಂಡು ಹೋದಾಗ ಮಾತ್ರ. ಸಂಜೆ ಆರಕ್ಕೆ ಕೆಲಸ ಬಿಡುವವಳಿಗೆ ಅದರ ಬಾಗಿಲು ತೆರೆದಿರುವುದಿಲ್ಲ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯು 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಸ್ಥಳದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯನ್ನು ಕಡ್ಡಾಯಗೊಳಿಸಿತ್ತು. ನಮ್ಮ ನಿಮ್ಮ ಬೀದಿಯಲ್ಲಿ ಏಳುವ ಮೂರಂತಸ್ತಿನ ಮನೆಯಲ್ಲಿ ದುಡಿಯುವುದು ನಾಲ್ಕೈದು ದಂಪತಿಗಳು. ಅವರ ಮಕ್ಕಳು ಆ ಲೆಕ್ಕಕ್ಕೆ ಬರಲೇ ಇಲ್ಲ.