ಹಡಗಿನ ವೇಗ, ಇಂಧನದ ಉಳಿತಾಯ ಮತ್ತು ಕಾಫಿ ಬೆಳೆಗಾರ

ಭಾರತದಲ್ಲಿ ಬೆಳೆಯುವ ಕಾಫಿಯ ಹೆಚ್ಚಿನ ಪಾಲು ಹೊರದೇಶಗಳಿಗೆ ರಫ್ತಾಗುತ್ತದೆ. ಇಟಲಿ ಅದರ ದೊಡ್ಡ ಗಿರಾಕಿ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ಪಣಂಬೂರಿನ ನವಮಂಗಳೂರು ಬಂದರಿನಿಂದಲೂ ಕಂಟೇನರುಗಳಲ್ಲಿ ಹಡಗೇರುತ್ತದೆ. ಹಡಗಿನ ಬಾಡಿಗೆ ಏರಿದರೆ ಅದರ ಭಾರ ಕೊನೆಗೆ ಬೆಳೆಗಾರನಿಗೆ ದೊರೆಯುವ ಬೆಲೆಯನ್ನೂ ತಟ್ಟುತ್ತದೆ. ಈ ಬಾಡಿಗೆಯಲ್ಲಿ ಇಂಧನದ ಖರ್ಚು ಮುಖ್ಯವಾದುದು.

ವೇಗ ಮತ್ತು ಇಂಧನ

ಕೆಸರುಗದ್ದೆಯಲ್ಲಿ ನಡೆಯುವುದಕ್ಕಿಂತ ಓಡುವುದು ಬಹಳ ಆಯಾಸ. ನೀರನ್ನು ಸೀಳಿ ಸಾಗುವ ಹಡಗಿನದೂ ಇದೇ ಸ್ಥಿತಿ. ಹಡಗಿಗೆ ಬೇಕಾದ ಶಕ್ತಿ ಸುಮಾರಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ. 10ರಷ್ಟು ತಗ್ಗಿಸಿದರೆ ಬೇಕಾಗುವ ಶಕ್ತಿ ಸುಮಾರು ಶೇ. 27ರಷ್ಟು ಇಳಿಯುತ್ತದೆ. ಪಯಣದ ಅವಧಿ ಹೆಚ್ಚಾದರೂ, ಒಟ್ಟು ಪಯಣದಲ್ಲಿ ಸುಮಾರು ಶೇ. 19ರಷ್ಟು ಇಂಧನ ಉಳಿಯುತ್ತದೆ.

ಗಣಕಯಂತ್ರದ ನೆರವು

ಹಡಗು ಅವಸರದಿಂದ ಬಂದು, ಧಕ್ಕೆ ಖಾಲಿಯಿಲ್ಲದೆ ಹೊರಗೆ ಲಂಗರು ಹಾಕಿ ಕಾಯುವುದು ಹಳೆಯ ರೂಢಿ. ಇದರಿಂದ ಸುಟ್ಟ ಇಂಧನ ವ್ಯರ್ಥ. ಧಕ್ಕೆ ತೆರವಾಗುವ ವೇಳೆಯನ್ನು ಬಂದರು ಮುಂಚಿತವಾಗಿ ತಿಳಿಸಿದರೆ ಹಡಗು ಅದಕ್ಕೆ ತಕ್ಕಂತೆ ನಿಧಾನವಾಗಿ ಬರಬಹುದು. ಅಂತರರಾಷ್ಟ್ರೀಯ ಪಯಣ ಮಾಡುವ 300 ಗ್ರಾಸ್ ಟನ್ ಮತ್ತು ಮೇಲ್ಪಟ್ಟ ಹಡಗುಗಳು ತಮ್ಮ ಸ್ಥಾನ, ದಿಕ್ಕು, ವೇಗಗಳನ್ನು ರೇಡಿಯೋ ಮೂಲಕ ತಾವಾಗಿಯೇ ಸಾರುವ ಸಾಧನ ಹೊಂದಿರಬೇಕು. ಈ ಮಾಹಿತಿ, ಉಪಗ್ರಹದ ಹವಾಮಾನ ವರದಿ ಮತ್ತು ಎಂಜಿನ್ನಿನ ಇಂಧನ ಲೆಕ್ಕವನ್ನು ಕೂಡಿಸಿ ಗಣಕಯಂತ್ರವು ಯೋಗ್ಯವಾದ ಮಾರ್ಗವನ್ನೂ ವೇಗವನ್ನೂ ಸೂಚಿಸುತ್ತದೆ. ಹಡಗಿನ ತಳದಲ್ಲಿ ಪಾಚಿ, ಚಿಪ್ಪುಜೀವಿಗಳು ಬೆಳೆದು ಇಂಧನ ಹೆಚ್ಚು ಖರ್ಚಾಗುತ್ತಿದ್ದರೂ ಈ ಲೆಕ್ಕದಿಂದ ತಿಳಿಯುತ್ತದೆ.

ನಿಯಮಗಳು

2018ರಲ್ಲಿ ಜಗತ್ತಿನಲ್ಲಿ ಮಾನವ ಚಟುವಟಿಕೆಯಿಂದ ಹೊರಬಿದ್ದ ಹಸಿರುಮನೆ ಅನಿಲಗಳಲ್ಲಿ ಹಡಗುಗಳ ಪಾಲು ಶೇ. 2.9ರಷ್ಟಿತ್ತು. 2050ರ ಸುಮಾರಿಗೆ ಹಡಗುಗಳ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವ ಗುರಿಯನ್ನು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ ಅಂಗೀಕರಿಸಿತು. 5000 ಗ್ರಾಸ್ ಟನ್ ಮತ್ತು ಮೇಲ್ಪಟ್ಟ ಸರಕು ಹಡಗುಗಳಿಗೆ ಅವುಗಳ ಇಂಗಾಲ ದಕ್ಷತೆಯನ್ನು ನೋಡಿ ದರ್ಜೆ ನೀಡುವ ಕ್ರಮವೂ ಅದೇ ವರ್ಷ ಜಾರಿಗೆ ಬಂದಿತು.

ಬೆಳೆಗಾರರು ಗಮನಿಸಬೇಕಾದುದು

ಹಡಗು ನಿಧಾನವಾದಷ್ಟೂ ಕಾಫಿ ಕಂಟೇನರಿನೊಳಗೆ ಹೆಚ್ಚು ದಿನ ಇರುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಆರಂಭವಾದಾಗ ಅನೇಕ ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಹೋಗಬೇಕಾಯಿತು. ಬಿಸಿಲಿನ ನಾಡಿನಿಂದ ಚಳಿಯ ನಾಡಿಗೆ ಸಾಗುವಾಗ ಕಂಟೇನರಿನ ಛಾವಣಿಯಲ್ಲಿ ತೇವ ಹನಿಗಟ್ಟಿ ಚೀಲಗಳ ಮೇಲೆ ಬೀಳುವುದುಂಟು. ಆಗ ಬೂಷ್ಟು ಹಿಡಿಯುತ್ತದೆ. ಕಂಟೇನರಿನಲ್ಲಿಟ್ಟ ಮಾಪಕವು ತೇವವನ್ನು ದಾಖಲಿಸಬಲ್ಲುದೇ ಹೊರತು ಕಾಫಿಯನ್ನು ಒಣಗಿಸಲಾರದು.

ಆದ್ದರಿಂದ ಪಾರ್ಚ್‌ಮೆಂಟ್ ಕಾಫಿಯನ್ನು ಶೇ. 10, ಅರೇಬಿಕಾ ಚೆರ್ರಿಯನ್ನು ಶೇ. 10.5 ಮತ್ತು ರೊಬಸ್ಟಾ ಚೆರ್ರಿಯನ್ನು ಶೇ. 11ರ ತೇವಾಂಶಕ್ಕೆ ಬರುವಂತೆ ಕಣದಲ್ಲಿಯೇ ಒಣಗಿಸಬೇಕು. ಚೀಲ ತುಂಬುವ ಮುನ್ನ ತೇವಮಾಪಕದಿಂದ ಪರೀಕ್ಷಿಸಿ, ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಗಳ ಮೇಲೆ ಪೇರಿಸುವುದು ಒಳ್ಳೆಯದು.