ಕೆಸರು ಬರುವ ಮುನ್ನ ಎರಡೂವರೆ ಗಂಟೆ

ಜ್ವಾಲಾಮುಖಿ ಎಂದೊಡನೆ ಮನಸ್ಸಿಗೆ ಬರುವುದು ಕೆಂಪಗೆ ಹರಿಯುವ ಲಾವಾರಸ. ಆದರೆ 1985ರ ನವೆಂಬರ್ 13ರ ರಾತ್ರಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಸುಮಾರು 23 ಸಾವಿರ ಜನರನ್ನು ಬಲಿ ತೆಗೆದುಕೊಂಡದ್ದು ಲಾವಾರಸವಲ್ಲ, ಕೆಸರು. ಸತ್ತವರಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿ ಆರ್ಮೆರೊ ಎಂಬ ಒಂದೇ ಪಟ್ಟಣದವರು. ಬೆಳಗಾಗುವಷ್ಟರಲ್ಲಿ ಆ ಪಟ್ಟಣದ ಬಹುಭಾಗ ಕೆಸರಿನಡಿ ಮುಚ್ಚಿಹೋಗಿತ್ತು.

ಇಂಥ ಕೆಸರಿನ ಪ್ರವಾಹವನ್ನು ವಿಜ್ಞಾನಿಗಳು ‘ಲಹಾರ್’ ಎಂದು ಕರೆಯುತ್ತಾರೆ. ಇದು ಇಂಡೋನೇಷ್ಯಾದ ಜಾವಾ ಭಾಷೆಯ ಪದ. ಜ್ವಾಲಾಮುಖಿಯ ಬೂದಿ, ಕಲ್ಲು, ಮಣ್ಣಿನ ಜೊತೆ ನೀರು ಸೇರಿದರೆ ಲಹಾರ್ ಹುಟ್ಟುತ್ತದೆ. ಬೆಟ್ಟದ ನೆತ್ತಿಯ ಹಿಮ ಕರಗಬಹುದು, ಜ್ವಾಲಾಮುಖಿಯ ಬಾಯಲ್ಲಿ ನಿಂತ ಸರೋವರ ಒಡೆಯಬಹುದು ಅಥವಾ ಜೋರು ಮಳೆ ಸುರಿಯಬಹುದು. ಆದ್ದರಿಂದ ಜ್ವಾಲಾಮುಖಿ ತಣ್ಣಗಾದ ಮೇಲೂ ಅಪಾಯ ತಪ್ಪಿದ್ದಲ್ಲ. ಫಿಲಿಪ್ಪೀನ್ಸ್‌ನ ಪಿನಟುಬೊ 1991ರಲ್ಲಿ ಸಿಡಿದ ನಂತರ ಹಲವು ವರ್ಷಗಳ ಕಾಲ ಮಳೆಗಾಲ ಬಂತೆಂದರೆ ಅದರ ಬೂದಿ ಕೆಸರಾಗಿ ಇಳಿದು ಊರುಗಳನ್ನು ಹೂಳುತ್ತಿತ್ತು.

ಲಹಾರ್ ನೋಡಲು ಹಸಿ ಕಾಂಕ್ರೀಟಿನಂತಿರುತ್ತದೆ. ನೀರಿಗಿಂತ ಬಹಳ ಭಾರವಾದುದರಿಂದ ದೊಡ್ಡ ಬಂಡೆಗಳನ್ನೂ ಸೇತುವೆಗಳನ್ನೂ ಹೊತ್ತೊಯ್ಯುತ್ತದೆ. ಅದರಲ್ಲಿ ಈಜಲಾಗದು. ನಿಂತಲ್ಲಿ ಗಟ್ಟಿಯಾಗುವುದರಿಂದ ಸಿಕ್ಕಿಕೊಂಡವರನ್ನು ಎಳೆದು ತೆಗೆಯುವುದೂ ಕಷ್ಟ.

ಕೊಲಂಬಿಯಾದಲ್ಲಿ ಅಂದು ಸಿಡಿದದ್ದು ನೆವಾಡೊ ಡೆಲ್ ರುಯಿಸ್. 5,300 ಮೀಟರಿಗೂ ಎತ್ತರದ ಈ ಪರ್ವತದ ನೆತ್ತಿ ಸದಾ ಹಿಮದಿಂದ ಮುಚ್ಚಿರುತ್ತದೆ. ರಾತ್ರಿ 9 ಗಂಟೆ ದಾಟುತ್ತಿದ್ದಂತೆ ಆದ ಸ್ಫೋಟ ಅಷ್ಟೇನೂ ದೊಡ್ಡದಲ್ಲ. ಆದರೆ ಉಗುಳಿದ ಬಿಸಿ ಬೂದಿ, ಕಲ್ಲುಗಳು ಹಿಮದ ಹತ್ತರಲ್ಲೊಂದು ಭಾಗವನ್ನು ಕರಗಿಸಿದವು. ಆ ನೀರು ನದಿ ಕಣಿವೆಗಳಿಗೆ ನುಗ್ಗಿ, ದಾರಿಯ ಮಣ್ಣು, ಕಲ್ಲು, ನದಿಯ ನೀರನ್ನೆಲ್ಲ ಸೇರಿಸಿಕೊಂಡು ಉಬ್ಬುತ್ತಾ ಹೋಯಿತು. 70 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಆರ್ಮೆರೊ ತಲುಪಿದಾಗ ರಾತ್ರಿ ಸುಮಾರು ಹನ್ನೊಂದೂವರೆ. ನಡುವೆ ಎರಡೂವರೆ ಗಂಟೆ ಸಮಯವಿತ್ತು. ನಡೆದೇ ಹೋಗಿ ಹತ್ತಬಹುದಾದ ಎತ್ತರದ ನೆಲ ಊರಿನ ಹತ್ತಿರವೇ ಇತ್ತು.

ಹಾಗಿದ್ದರೆ ಜನ ಏಕೆ ಓಡಲಿಲ್ಲ? ತಿಳಿದವರು ಇರಲಿಲ್ಲವೆಂದಲ್ಲ. 1845ರಲ್ಲೇ ಇದೇ ಪರ್ವತದ ಕೆಸರು ಇದೇ ಬಯಲಿನಲ್ಲಿ ಸುಮಾರು ಸಾವಿರ ಜನರನ್ನು ಕೊಂದಿತ್ತು. ಆ ಕೆಸರು ಒಣಗಿದ ನೆಲದ ಮೇಲೆಯೇ ಆರ್ಮೆರೊ ಬೆಳೆದಿತ್ತು. 1985ರ ಅಕ್ಟೋಬರಿನಲ್ಲಿ ಸಿದ್ಧವಾದ ಅಪಾಯದ ನಕ್ಷೆಯಲ್ಲೂ ಈ ಪಟ್ಟಣವನ್ನು ಕೆಸರಿನ ದಾರಿಯಲ್ಲೇ ತೋರಿಸಲಾಗಿತ್ತು. ಆದರೆ ಸುಳ್ಳು ಎಚ್ಚರಿಕೆ ಕೊಟ್ಟು ಊರನ್ನು ಖಾಲಿ ಮಾಡಿಸಿದರೆ ಆಗುವ ನಷ್ಟಕ್ಕೆ ಅಧಿಕಾರಿಗಳು ಹಿಂಜರಿದರು. ಅಂದು ಮಧ್ಯಾಹ್ನ ಬೂದಿ ಉದುರಿದಾಗ ಜನರಿಗೆ ಸಿಕ್ಕಿದ್ದು, ಗಾಬರಿಯಾಗದೆ ಮನೆಯಲ್ಲೇ ಇರಿ ಎಂಬ ಸಲಹೆ. ರಾತ್ರಿ ಬಿರುಮಳೆ, ವಿದ್ಯುತ್ತೂ ಹೋಯಿತು. ವಿಜ್ಞಾನಿಗಳಿಗೆ ತಿಳಿದದ್ದು ಮಲಗಿದ್ದ ಜನರ ಕಿವಿಗೆ ಮುಟ್ಟಲಿಲ್ಲ.

ಈ ದುರಂತದ ಪಾಠ ವ್ಯರ್ಥವಾಗಲಿಲ್ಲ. ಮರುವರ್ಷವೇ ಅಮೆರಿಕವು ಬೇರೆ ದೇಶಗಳಿಗೆ ಜ್ವಾಲಾಮುಖಿಗಳ ವಿಷಯದಲ್ಲಿ ನೆರವಾಗುವ ತಜ್ಞರ ತಂಡವೊಂದನ್ನು ಕಟ್ಟಿತು. ಕೊಲಂಬಿಯಾದ್ದೇ ಆದ ನೆವಾಡೊ ಡೆಲ್ ಹುಯಿಲಾ 2007ರ ಏಪ್ರಿಲಿನಲ್ಲಿ ಸಿಡಿದು ದೊಡ್ಡ ಲಹಾರ್ ಇಳಿದಾಗ ಸೇತುವೆಗಳು ಕೊಚ್ಚಿಹೋದವು. ಆದರೆ ನದಿ ದಡದ ಸಾವಿರಾರು ಜನರನ್ನು ಎತ್ತರಕ್ಕೆ ಸಾಗಿಸಿದ್ದರಿಂದ ಪ್ರಾಣಹಾನಿಯಾಗಲಿಲ್ಲ.

ಅಮೆರಿಕದ ಸಿಯಾಟಲ್ ನಗರದಿಂದ ಕಾಣುವ ರೇನಿಯರ್ ಪರ್ವತದಲ್ಲೂ ಇದೇ ಅಪಾಯವಿದೆ. ಅಲ್ಲಿನ ಕಣಿವೆಗಳಲ್ಲಿ ನೆಲದ ಕಂಪನದಿಂದಲೇ ಕೆಸರನ್ನು ಗುರುತಿಸಿ ಸೈರನ್ ಊದಿಸುವ ವ್ಯವಸ್ಥೆ ಇದೆ. ಅದರ ತಗ್ಗಿನ ಊರುಗಳ ಶಾಲೆಗಳಲ್ಲಿ ಮಕ್ಕಳು ಮೇಷ್ಟ್ರುಗಳ ಜೊತೆ ಎತ್ತರದ ಜಾಗಕ್ಕೆ ನಡೆದುಹೋಗುವ ಅಭ್ಯಾಸ ಮಾಡುತ್ತಾರೆ. 2024ರ ಮಾರ್ಚ್‌ನಲ್ಲಿ ಸುಮಾರು 45 ಸಾವಿರ ವಿದ್ಯಾರ್ಥಿಗಳು ಹೀಗೆ ನಡೆದರು.

ಆ ಮಕ್ಕಳು ಕಲಿಯುವ ನಿಯಮ ಸರಳ: ಕಣಿವೆಯ ಉದ್ದಕ್ಕೂ ಓಡಬಾರದು, ಪಕ್ಕದ ದಿಬ್ಬ ಹತ್ತಬೇಕು. ಕಣಿವೆಯಲ್ಲಿ ಕೆಸರು ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ದಿಬ್ಬ ಹತ್ತುವುದು ಮಾತ್ರ ಅದಕ್ಕೆ ಸುಲಭವಲ್ಲ. ಆರ್ಮೆರೊದ ಜನರಿಗೆ ಇಷ್ಟು ಗೊತ್ತಿದ್ದು, ಸಕಾಲಕ್ಕೆ ಒಂದು ಕೂಗು ಕೇಳಿಸಿದ್ದರೆ ಎರಡೂವರೆ ಗಂಟೆ ಧಾರಾಳವಾಗಿ ಸಾಕಾಗುತ್ತಿತ್ತು.